ಬನ್ಸ್, ಬಣ್ಣದ ವೇಷ ಮತ್ತೆ ರೀಲು ಕೇಳಿದ ಪ್ರಶ್ನೆ

ಶುಕ್ರವಾರ: ಬಾವುಟಗುಡ್ಡೆ, ಬಲ್ಮಠ, ಕದ್ರಿ

ರೈಲಿನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ರಾತ್ರಿ ಬೆಂಗಳೂರಲ್ಲಿ ಹತ್ತಿ ಬೆಳಿಗ್ಗೆ ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದೆವು. ಮಲಗಿಕೊಂಡು ಬರಬಹುದಿತ್ತು. ರೀಲು ಬಿಡಲಿಲ್ಲ.

ರೀಲು ನಮ್ಮ ಗುಂಪಿನ ಸಿನಿಮಾದವನು. ಎಡಿಟಿಂಗ್ ಅವನ ಕೆಲಸ. ಯಾವ ಮಾತು ತೆಗೆದರೂ ಅದಕ್ಕೊಂದು ಸಿನಿಮಾ ಜೋಡಿಸುತ್ತಾನೆ, ಅದಕ್ಕೇ ಆ ಹೆಸರು. ಇನ್ನೊಬ್ಬರು ಮೇಷ್ಟ್ರು. ತುಮಕೂರು ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಾರೆ, ಚೀಲದಲ್ಲಿ ಬಟ್ಟೆಗಿಂತ ಪುಸ್ತಕ ಜಾಸ್ತಿ. ಮತ್ತೆ ಅಕ್ಕ. ಬ್ಯಾಂಕಿನಲ್ಲಿದ್ದಾಳೆ, ದೇವರನಾಮ ಚೆನ್ನಾಗಿ ಹಾಡುತ್ತಾಳೆ, ನಮಗಿಂತ ಸ್ವಲ್ಪ ದೊಡ್ಡವಳು. ಅವಳ ತಾಯಿಯ ಊರು ಕಿನ್ನಿಗೋಳಿ ಹತ್ತಿರ. ಹಾಗಾಗಿ ಈ ಪ್ರವಾಸಕ್ಕೆ ಅವಳೇ ಯಜಮಾನಿ.

2022ರಲ್ಲಿ ಕರಾವಳಿಯ ದೈವದ ಸಿನಿಮಾ ಬಂತಲ್ಲ, ಹೆಸರು ಹೇಳಬೇಕಿಲ್ಲ, ಅದನ್ನು ಎಷ್ಟು ಸಲ ನೋಡಿದ್ದಾನೆ ಅಂತ ರೀಲುಗೇ ಲೆಕ್ಕ ಇಲ್ಲ. ದೇವರು ದಿಂಡರು ಏನೂ ಬೇಡ ಅನ್ನುವವನು ಅದರ ಕೊನೆಯ ದೃಶ್ಯ ಬಂದರೆ ಮಾತ್ರ ಸೀಟಿನಲ್ಲಿ ನೆಟ್ಟಗೆ ಕೂರುತ್ತಾನೆ. ಅವನ ಪ್ರಶ್ನೆ ಒಂದೇ. “ಅಲ್ಲಿನ ಜನ ಇದನ್ನೆಲ್ಲ ನಿಜವಾಗ್ಲೂ ನಂಬ್ತಾರಾ, ಇಲ್ಲ ಸುಮ್ನೆ ರೂಢಿನಾ?” ಹಾಸನ ದಾಟಿದರೂ ಅದೇ ಚರ್ಚೆ. ಮೇಷ್ಟ್ರು ಇತಿಹಾಸ ತೆಗೆದರು, ನಾನು ಮನಶ್ಶಾಸ್ತ್ರ ಅಂದೆ. ಕೊನೆಗೆ ಅಕ್ಕ ಹೊದಿಕೆ ಎಳೆದುಕೊಂಡು, “ಬೆಳಿಗ್ಗೆ ಇಳಿದ ಮೇಲೆ ಸಿಕ್ಕಿದವರನ್ನೆಲ್ಲ ಕೇಳು, ಈಗ ಲೈಟ್ ಆರಿಸು” ಅಂದಳು. ಅವನು ಅದನ್ನು ಅಪ್ಪಣೆ ಎಂದೇ ತಗೊಂಡ.

ಡಿಸೆಂಬರ್ ಮೊದಲ ವಾರ. ಬೆಂಗಳೂರಲ್ಲಿ ಸ್ವೆಟರ್, ಇಲ್ಲಿ ಎಂಟು ಗಂಟೆಗೇ ಕುತ್ತಿಗೆಯಲ್ಲಿ ಬೆವರು. ಹಂಪನಕಟ್ಟೆಯ ಒಂದು ಸಣ್ಣ ಹೋಟೆಲಿನಲ್ಲಿ ಮೇಷ್ಟ್ರು ಇಡ್ಲಿ ಕೇಳಿದರು. “ಇಡ್ಲಿ ನಿಮ್ಮ ಊರಲ್ಲೂ ಸಿಗ್ತದೆ ಮಾರಾಯ್ರೆ, ಬನ್ಸ್ ಬಿಸಿ ಉಂಟು” ಎಂದು ಸಪ್ಲಾಯರ್ ತಾನೇ ತೀರ್ಮಾನ ಮಾಡಿ ಹೋದ. ಬಾಳೆಹಣ್ಣು ಹಾಕಿ ಕಲಸಿದ ಹಿಟ್ಟು ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಲಟ್ಟಿಸಿ ಎಣ್ಣೆಗೆ ಬಿಡುತ್ತಾರೆ. ಉಬ್ಬಿ ಬಂದದ್ದನ್ನು ಮುರಿದರೆ ಒಳಗಿಂದ ಜೀರಿಗೆಯ ಪರಿಮಳ. ಸಿಹಿ ತಿಂಡಿಗೆ ಖಾರದ ಚಟ್ನಿ ಯಾಕೆ ಅಂತ ಮೇಷ್ಟ್ರು ಗೊಣಗಿದರು. ಎರಡನೆಯದು ತರಿಸುವಾಗ ಗೊಣಗಲಿಲ್ಲ.

ಬಾವುಟಗುಡ್ಡೆಗೆ ನಡೆದೇ ಹತ್ತಿದೆವು. ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾದದ್ದು, ಚಾಪೆಲ್ ಅದರ ಬೆನ್ನಿಗೇ ಎದ್ದದ್ದು. ಹೊರಗಿಂದ ನೋಡಿದರೆ ಒಳಗೆ ಇಷ್ಟು ಬಣ್ಣ ಇದೆ ಅಂತ ಗೊತ್ತೇ ಆಗುವುದಿಲ್ಲ. ಒಳಗೆ ಹೋದರೆ ಗೋಡೆ, ಕಮಾನು, ಮಾಡು, ಎಲ್ಲಿ ನೋಡಿದರೂ ಚಿತ್ರ. ಇಟಲಿಯಿಂದ ಬಂದ ಜೆಸ್ವಿತ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಬರೆದದ್ದು. ಗೋಡೆಯ ಮೇಲಿನದು ಹಸಿ ಗಾರೆಯ ಕೆಲಸ. ಗಾರೆ ಒಣಗುವುದರೊಳಗೆ ಬಣ್ಣ ಹಾಕಿ ಮುಗಿಸಬೇಕು, ಆಮೇಲೆ ತಿದ್ದುವುದು ಕಷ್ಟ. “ಅಂದ್ರೆ ರಿಟೇಕ್ ಇಲ್ಲ” ಅಂದ ರೀಲು, ಮೊದಲ ಸಲ ತಗ್ಗಿದ ದನಿಯಲ್ಲಿ. ಈ ಊರಿನ ಗಾಳಿಯಲ್ಲಿ, ಈ ಸೆಕೆಯಲ್ಲಿ, ಮೇಲೆ ನೋಡಿಕೊಂಡು ವರ್ಷಗಟ್ಟಲೆ ಬರೆದವನ ಕುತ್ತಿಗೆ ಏನಾಗಿರಬೇಕು ಅಂತ ನನಗೆ ಯೋಚನೆ.

ಹಿಂದಿನ ಬೆಂಚಿನಲ್ಲಿ ಒಬ್ಬರು ಹಿರಿಯರು ಕೂತಿದ್ದರು. ಬಿಳಿ ಪಂಚೆ, ಹಣೆಯಲ್ಲಿ ಗಂಧ. ರೀಲು ಪಕ್ಕದಲ್ಲಿ ಕೂತು ಪ್ರಶ್ನೆ ಶುರು ಮಾಡಿಯೇಬಿಟ್ಟ. ಅವರು ಇಲ್ಲೇ ಓದಿದವರಂತೆ. “ಪರೀಕ್ಷೆಗೆ ಮೊದಲು ನಾವೆಲ್ಲ ಇಲ್ಲಿ ಬಂದು ಕೂತ್ಕೊಳ್ತಿದ್ದೆವು. ಈಗ ಮೊಮ್ಮಗನಿಗೆ ಪರೀಕ್ಷೆ.” ಹಾಗಾದರೆ ನೀವು ಏಸುವನ್ನೂ ನಂಬುತ್ತೀರಾ ಅಂತ ಇವನು. ಅವರು ಇವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. “ಪಾಸಾಗಿದ್ದೇನಲ್ಲ” ಅಂದರು.

ಗುಡ್ಡೆ ಇಳಿದರೆ ಜ್ಯೋತಿ. ಜ್ಯೋತಿ ಟಾಕೀಸು ಈಗಿಲ್ಲ, ವೃತ್ತಕ್ಕೆ ಅಂಬೇಡ್ಕರ್ ಹೆಸರಿದೆ, ಕಂಡಕ್ಟರುಗಳು ಮಾತ್ರ ಇನ್ನೂ “ಜ್ಯೋತಿ, ಜ್ಯೋತಿ” ಎಂದೇ ಕೂಗುತ್ತಾರೆ. ತುಳು ಸಿನಿಮಾ 1971ರಿಂದ ಇದೆ, ಇಂಥ ಟಾಕೀಸುಗಳಲ್ಲೇ ಬೆಳೆದದ್ದು ಅಂತ ರೀಲು ಬಸ್‌ಸ್ಟಾಪಿನಲ್ಲಿ ಒಂದು ಭಾಷಣ ಕೊಟ್ಟ. ಕೇಳಿಸಿಕೊಂಡದ್ದು ಒಂದು ನಾಯಿ.

ಬಲ್ಮಠದಲ್ಲಿ ಮೇಷ್ಟ್ರ ಸರದಿ. ಬಾಸೆಲ್ ಮಿಶನ್ ಕಟ್ಟಡಗಳ ಮುಂದೆ ಅವರು ಚಪ್ಪಲಿ ಬಿಡುವುದೊಂದು ಬಾಕಿ. 1834ರಲ್ಲಿ ಬಂದ ಪಾದ್ರಿಗಳು, 1841ರಲ್ಲಿ ಮುದ್ರಣಾಲಯ, 1843ರ ಜುಲೈ 1ಕ್ಕೆ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ. 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾದದ್ದೂ ಇದೇ ಮಿಶನ್ನಿನ ಪ್ರೆಸ್ಸಿನಲ್ಲಿ. ಇದೆಲ್ಲ ನಮಗೆ ಪಠ್ಯದಲ್ಲೇ ಗೊತ್ತಿದ್ದದ್ದು. ಗೊತ್ತಿಲ್ಲದ್ದು ಇನ್ನೊಂದಿತ್ತು. ದಾಸರ ಪದಗಳನ್ನು ಒಟ್ಟುಮಾಡಿ 1850ರ ಸುಮಾರಿಗೆ ಅಚ್ಚು ಹಾಕಿಸಿದ್ದೂ ಅದೇ ಮೋಗ್ಲಿಂಗ್.

ಅಕ್ಕ ನಿಂತುಬಿಟ್ಟಳು. ಅವಳ ಹತ್ತಿರ ಅಜ್ಜಿಯ ಕೈಬರಹದ ದೇವರನಾಮದ ನೋಟ್‌ಬುಕ್ ಇದೆ, ಎಲ್ಲಿ ಹೋದರೂ ಕೈಚೀಲದಲ್ಲಿರುತ್ತದೆ. “ನಾವು ಮಡಿಯಲ್ಲಿ ಹಾಡ್ತಿದ್ದದ್ದನ್ನ ಪಾದ್ರಿ ಅಚ್ಚು ಹಾಕಿಸಿದ್ರಾ?”

“ಹೌದು. ಬಂದದ್ದು ಬೈಬಲ್ ಹೇಳೋಕೆ. ಜನರ ಮಾತು ಕಲಿಯೋಕೆ ಹೋಗಿ ಪದಗಳ ಹುಚ್ಚು ಹತ್ತಿರಬೇಕು” ಅಂದರು ಮೇಷ್ಟ್ರು.

“ಹಾಗಾದ್ರೆ ಮೋಗ್ಲಿಂಗ್ ಪುರಂದರದಾಸರನ್ನ ನಂಬಿದ್ರಾ?” ಇದು ಯಾರು ಕೇಳಿದ್ದು ಅಂತ ಬೇರೆ ಹೇಳಬೇಕಾ?

ಮಧ್ಯಾಹ್ನ ಮೀನೂಟ. ಅಕ್ಕನಿಗೆ ಪಕ್ಕದ ಸಸ್ಯಾಹಾರಿ ಹೋಟೆಲು, ನಮಗೆ ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ. ಕುಚ್ಚಲಕ್ಕಿ ಅನ್ನದ ದಪ್ಪ ಅಗುಳು ನೋಡಿ ಮೇಷ್ಟ್ರಿಗೆ ಮುದ್ದೆ ನೆನಪಾಯಿತು. ಕಾಣೆ ನಾಲ್ಕು ಜನಕ್ಕೆ ಸಾಕು ಅನ್ನುವಷ್ಟು ತಂದರು, ದರ ಕೇಳದೆ ತರಿಸಿದ್ದರಿಂದ ಬಿಲ್ಲು ಕೂಡ ಹಾಗೇ ಬಂತು. ಮೀನಿನ ದರ ದಿನಾ ಬದಲಾಗುತ್ತದೆ, ಮೊದಲೇ ಕೇಳಿಕೊಂಡರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕದ್ರಿಗೆ ಹೋದಾಗ ಬಿಸಿಲು ಇಳಿದಿತ್ತು. ಮಂಜುನಾಥ ದೇವಸ್ಥಾನದಲ್ಲಿ ಶಿವನಿಗೆ ಕೈ ಮುಗಿದು ಪಕ್ಕಕ್ಕೆ ಬಂದರೆ ಕಂಚಿನ ಲೋಕೇಶ್ವರ. ಮೂರು ಮುಖ, ಆರು ಕೈ, ಪದ್ಮಾಸನ. ಅಳುಪ ರಾಜ ಕುಂದವರ್ಮ 968ರಲ್ಲಿ ಇದನ್ನು ‘ಕದಿರಿಕಾ ವಿಹಾರ’ದಲ್ಲಿ ಇಟ್ಟ ಅಂತ ಶಾಸನ ಹೇಳುತ್ತದೆ. ವಿಹಾರ ಅಂದರೆ ಬೌದ್ಧರದು. ಗುಡ್ಡದ ಮೇಲೆ ನಾಥಪಂಥದ ಜೋಗಿ ಮಠ. ಅಲ್ಲಿನ ಪೀಠಕ್ಕೆ 12 ವರ್ಷಕ್ಕೊಮ್ಮೆ ಹೊಸ ಯೋಗಿ ತ್ರ್ಯಂಬಕೇಶ್ವರದಿಂದ ನಡೆದುಕೊಂಡು ಬರುತ್ತಾರೆ. ಬುದ್ಧ, ನಾಥ, ಶಿವ, ಮೂವರೂ ಒಂದೇ ಗುಡ್ಡದಲ್ಲಿ. ಕೈಯಲ್ಲಿ ಪ್ರಸಾದ ಹಿಡಿದ ಒಬ್ಬ ಹೆಂಗಸು ಲೋಕೇಶ್ವರನಿಗೂ ಒಂದು ಸುತ್ತು ಬಂದು, ಫೋನಿನಲ್ಲಿ ಗ್ಯಾಸ್ ಸಿಲಿಂಡರ್ ಬಗ್ಗೆ ಮಾತಾಡುತ್ತಾ ಹೋದರು. ಅವರನ್ನು ತಡೆದು ನಿಲ್ಲಿಸಲು ರೀಲುಗೂ ಧೈರ್ಯ ಬರಲಿಲ್ಲ.

ಕೆರೆಗಳ ಹತ್ತಿರ ಕೂತು ಅಕ್ಕನ ಫೋನಿನಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿದೆವು. ಈ ಊರಿನ ಹೆಸರು ಹೊತ್ತು 1994ರಲ್ಲಿ ಲಂಡನ್ನಿನ ಸಂಗೀತೋತ್ಸವ ಬಿಬಿಸಿ ಪ್ರಾಮ್ಸ್‌ವರೆಗೆ ಹೋಗಿಬಂದ ಮನುಷ್ಯ. ನಾಗಸ್ವರದ ಮನೆಯ ಹುಡುಗ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಅದರ ಹಿಂದೆ ಬಿದ್ದದ್ದಂತೆ. ಗಮಕವೇ ಬಾರದ ವಾದ್ಯ ಅಂತ ಹೇಳಿದವರಿಗೆಲ್ಲ ನುಡಿಸಿಯೇ ಉತ್ತರ ಕೊಟ್ಟರು. 2019ರಲ್ಲಿ ತೀರಿಕೊಂಡರು. “ಇದು ಭಕ್ತಿನಾ, ಸಂಗೀತನಾ?” ಅಂತ ರೀಲು ಬಾಯಿ ತೆಗೆದ. ಅಕ್ಕ ವಾಲ್ಯೂಮ್ ಜಾಸ್ತಿ ಮಾಡಿದಳು.

ಶುಕ್ರವಾರ ರಾತ್ರಿ: ಕಿನ್ನಿಗೋಳಿ ಹತ್ತಿರದ ಗದ್ದೆ

ಸ್ಟೇಟ್‌ಬ್ಯಾಂಕ್ ಅಂದರೆ ಮಂಗಳೂರಲ್ಲಿ ಬ್ಯಾಂಕಿಗಿಂತ ಮೊದಲು ಬಸ್‌ಸ್ಟ್ಯಾಂಡ್. ಅಲ್ಲಿಂದ ಕಟೀಲು ದಾರಿಯ ಬಸ್ಸು ಹಿಡಿದೆವು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಪುಣ್ಯ. ಡ್ರೈವರು ತಿರುವುಗಳನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಕಂಡಕ್ಟರು ಬಾಗಿಲಲ್ಲಿ ಒಂದು ಕಾಲಿನಲ್ಲಿ ನಿಂತು ವಿಷಲ್ ಊದುತ್ತಾನೆ. ಅಕ್ಕನ ಚಿಕ್ಕಮ್ಮನ ಮನೆಗೆ ಚೀಲ ಹಾಕಿ, ಮುಖ ತೊಳೆದು, ಟಾರ್ಚು ಹಿಡಿದು ಗದ್ದೆಗೆ ಹೊರಟೆವು. ಅಲ್ಲಿ ಆಟ, ಅಂದರೆ ಯಕ್ಷಗಾನ.

ಹರಕೆ ಆಟ ಅದು. ಮನೆಯವರು ಮೇಳಕ್ಕೆ, ಅಂದರೆ ಆಡುವ ತಂಡಕ್ಕೆ, ಹರಕೆ ಹೇಳಿಕೊಂಡಿರುತ್ತಾರೆ, ಸರದಿ ಬಂದಾಗ ಆಡಿಸುತ್ತಾರೆ. ಹೆಸರುವಾಸಿ ಮೇಳಗಳಾದರೆ ಸರದಿಗೆ ವರ್ಷಗಟ್ಟಲೆ ಕಾಯಬೇಕು. ಟಿಕೆಟ್ ಇಲ್ಲ. ಗುರುತು ಪರಿಚಯ ಬೇಕಿಲ್ಲ, ಊಟಕ್ಕೂ ಅವರೇ ಕರೆಯುತ್ತಾರೆ. ಚಪ್ಪರದಡಿ ಎಲೆ ಹಾಕಿ ಅನ್ನ, ಸಾರು, ಪಲ್ಯ, ಪಾಯಸ ಬಡಿಸಿದರು. “ಯಾವ ಕಡೆಯವರು?” ಅಂತ ಕೇಳಿದವರು ಉತ್ತರಕ್ಕೆ ಕಾಯದೆ ಇನ್ನೊಂದು ಸೌಟು ಪಾಯಸ ಹಾಕಿ ಮುಂದೆ ಹೋದರು. ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಡುತ್ತವೆ, ಮೇ ಕೊನೆಗೆ ಪತ್ತನಾಜೆ ಅನ್ನುವ ದಿನದ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಹಾಗಾಗಿ ಮಳೆಗಾಲದಲ್ಲಿ ಬಂದು ಗದ್ದೆಯಲ್ಲಿ ಆಟ ಹುಡುಕಬೇಡಿ. ಇವತ್ತು ಎಲ್ಲಿ ಆಟ ಅಂತ ಇಲ್ಲಿನ ಪತ್ರಿಕೆಗಳಲ್ಲೇ ಬರುತ್ತದೆ.

ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಅಕ್ಕನ ಚಿಕ್ಕಪ್ಪ ಕರೆದುಕೊಂಡು ಹೋದರು. ಒಂದು ತುದಿಯಲ್ಲಿ ದೇವರ ಪೀಠ, ದೀಪ. ಎರಡು ಸಾಲಿನಲ್ಲಿ ಪೆಟ್ಟಿಗೆಗಳ ಮುಂದೆ ಕಲಾವಿದರು. ತಮ್ಮ ಮುಖ ತಾವೇ ಬರೆದುಕೊಳ್ಳುತ್ತಾರೆ. ಒಬ್ಬ ಸ್ತ್ರೀವೇಷದವರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹುಬ್ಬು ತೀಡುತ್ತಿದ್ದರು. ಮೂಲೆಯಲ್ಲಿ ಮಹಿಷಾಸುರ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಚಿಟ್ಟಿ ಇಡುತ್ತಿದ್ದರು. ಒಂದು ಸಾಲು ಒಣಗಬೇಕು, ಆಮೇಲೆ ಇನ್ನೊಂದು. ಗಂಟೆಗಟ್ಟಲೆ ಕೆಲಸ.

ರೀಲು ಎದುರಿಗೆ ಕುಕ್ಕರುಗಾಲಲ್ಲಿ ಕೂತ. “ಸರ್, ನೀವು ಈ ವೇಷ ಹಾಕುವಾಗ ಒಳಗೆ ಏನಾದ್ರೂ ಬದಲಾಗುತ್ತಾ? ಅಂದ್ರೆ, ನೀವು ನಂಬ್ತೀರಾ...”

ಮಹಿಷಾಸುರ ಕಣ್ಣು ಮಾತ್ರ ತಿರುಗಿಸಿದರು. ಪಕ್ಕದ ಹುಡುಗ ಹೇಳಿದ, “ಅವರು ಈಗ ಮಾತಾಡುದಿಲ್ಲ ಅಣ್ಣ. ಚಿಟ್ಟಿ ಬಿರುಕು ಬಿಡ್ತದೆ.”

ಹತ್ತರ ಹೊತ್ತಿಗೆ ಹನಿ ಬಿತ್ತು. ಡಿಸೆಂಬರಲ್ಲಿ ಮಳೆ ಎಂತದು ಅಂತ ಎಲ್ಲರೂ ಆಕಾಶಕ್ಕೆ ಬೈದರು. ರಂಗಸ್ಥಳಕ್ಕೆ ಶೀಟಿತ್ತು, ನಮಗಿರಲಿಲ್ಲ. ಒಬ್ಬರೂ ಏಳಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಯ ಮೇಲೆ ಹಿಡಿದು ನಿಂತೇ ನೋಡಿದರು, ನಾವೂ ಹಾಗೇ ಮಾಡಿದೆವು. ಅಷ್ಟರಲ್ಲಿ ಕರೆಂಟೂ ಹೋಯಿತು. ಕತ್ತಲಲ್ಲಿ ಹಾಸ್ಯಗಾರನ ದನಿ: “ದೇವೇಂದ್ರಾ, ನಿನ್ನ ಲೋಕದ್ದೂ ಬಿಲ್ಲು ಕಟ್ಟಿಲ್ಲವಾ?” ಗದ್ದೆಯಿಡೀ ನಗು. ಜನರೇಟರ್ ಬರುವವರೆಗೆ ದೇವೇಂದ್ರನೂ ಅವನೂ ಅದೇ ಮಾತು ಬೆಳೆಸಿದರು. ಪ್ರಸಂಗದ ಪದ್ಯ ಮಾತ್ರ ಬರೆದಿಟ್ಟದ್ದು, ಮಾತೆಲ್ಲ ಆಗಿಂದಾಗ ಹುಟ್ಟುವುದು. ಮೇಷ್ಟ್ರಿಗೆ ಅದೇ ಆಶ್ಚರ್ಯ. ಮೂವತ್ತು ಮಕ್ಕಳ ಮುಂದೆ ಒಂದು ಪಾಠಕ್ಕೆ ಟಿಪ್ಪಣಿ ಮಾಡಿಕೊಂಡು ಹೋಗುವ ಮನುಷ್ಯ ಅವರು.

ನಡುರಾತ್ರಿಗೆ ಮಹಿಷಾಸುರ ಬಂದದ್ದು ರಂಗಸ್ಥಳದಿಂದ ಅಲ್ಲ, ನಮ್ಮ ಬೆನ್ನ ಹಿಂದಿನಿಂದ. ದೊಂದಿ ಹಿಡಿದ ಹುಡುಗರು ಎರಡೂ ಬದಿಗೆ. ರಾಳದ ಪುಡಿ ಎರಚಿದಾಗಲೆಲ್ಲ ಬೆಂಕಿ ಭಗ್ಗನೆ ಎದ್ದು ಮುಖಕ್ಕೆ ಬಿಸಿ ಹೊಡೆಯುತ್ತಿತ್ತು. ಚೆಂಡೆ ಎದೆಯೊಳಗೇ ಬಾರಿಸಿದ ಹಾಗೆ ಕೇಳುತ್ತಿತ್ತು. ಸಂಜೆ ತುಟಿ ಬಿಚ್ಚದೆ ಕೂತಿದ್ದ ಮನುಷ್ಯ ಈಗ ಕೊಂಬು ಕುಣಿಸುತ್ತಾ ಜನರ ಮೇಲೇ ನುಗ್ಗಿದರು. ನಮ್ಮ ಮುಂದಿದ್ದ ಮಗು ಕಿರುಚಿ ಅಮ್ಮನ ಸೆರಗಿನೊಳಗೆ ಹೊಕ್ಕಿತು. ರೀಲು ಫೋನು ತೆಗೆದವನು ರೆಕಾರ್ಡ್ ಒತ್ತಲೇ ಇಲ್ಲ.

ನನ್ನ ಪಕ್ಕ ಒಬ್ಬರು ಅಜ್ಜಿ ಅಷ್ಟು ಹೊತ್ತೂ ಗೊರಕೆ ಹೊಡೆದಿದ್ದರು. ಸರಿಯಾಗಿ ಆ ಗಳಿಗೆಗೆ ಎದ್ದರು. “ಆ ಮಹಿಷಾಸುರ ನಮ್ಮ ಆಚೆ ಊರಿನವ. ಪಾಪ, ಭಾರೀ ಒಳ್ಳೆ ಜನ” ಅಂದರು. ದೇವಿ ಬಂದಾಗ ಎರಡೂ ಕೈ ಜೋಡಿಸಿದರು. ದೇವಿಯೂ ಗಂಡಸೇ, ಸಂಜೆ ಇಯರ್‌ಫೋನ್ ಹಾಕಿಕೊಂಡಿದ್ದವರು. ರೀಲು ಬಗ್ಗಿ ಅಜ್ಜಿಯ ಕಿವಿಯಲ್ಲಿ ಅದನ್ನೇ ಹೇಳಿದ.

“ಗೊತ್ತುಂಟು ಮಗಾ” ಅಂದರು ಅಜ್ಜಿ. “ಬೆಳಿಗ್ಗೆ ಬಸ್ಸಲ್ಲಿ ಸಿಕ್ಕಿದ್ರೆ ಮಾತಾಡಿಸ್ತೇನೆ. ಈಗ ದೇವಿ ಅಲ್ವಾ?” ಅಷ್ಟು ಹೇಳಿ, ಚಾ ಎಲ್ಲಿ ಕೊಡ್ತಾರೆ ಅಂತ ಕೇಳಿದರು.

ಶನಿವಾರ: ಮೂಲ್ಕಿ ದಾಟಿ ಉಡುಪಿಗೆ

ಎದ್ದಾಗ ಒಂಬತ್ತು. ಚಿಕ್ಕಮ್ಮ ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿದ್ದರು. ಎಲೆ ಬಿಡಿಸಿದರೆ ಅದರ ಗೆರೆ ಕಡುಬಿನ ಮೇಲೆ ಹಾಗೇ ಮೂಡಿರುತ್ತದೆ. ಕಾಯಿಚಟ್ನಿ, ಮೇಲೆ ತೆಂಗಿನೆಣ್ಣೆ. ತಿನ್ನುತ್ತಾ ರೀಲು ಸಿನಿಮಾದ ಮಾತು ತೆಗೆದ. ನೋಡಿದ್ದೀರಾ ಚಿಕ್ಕಮ್ಮ?

“ನೋಡಿದೆ. ಮಗಳು ಕರ್ಕೊಂಡು ಹೋದ್ಲು. ದೈವ ಬರುವಾಗ ಚಪ್ಪಲಿ ತೆಗ್ದು ಕೂತೆ.”

“ಥಿಯೇಟರಲ್ಲಾ?”

“ಮತ್ತೆಂತ ಮಾಡುದು? ಬಂತಲ್ಲ.” ಹಾಗಂತ ಸಿನಿಮಾ ಬಂದ ಮೇಲೆ ದೈವದ ಬಣ್ಣ ಬಳಿದುಕೊಂಡು ಸ್ಟೇಜಿನಲ್ಲಿ ಕುಣಿಯುವವರನ್ನು ಕಂಡರೆ ಅವರಿಗೆ ಸಿಟ್ಟು. ಅದು ಕಟ್ಟುವವರಿಗೆ ಕಟ್ಟುಕಟ್ಟಳೆ ಉಂಟು, ಸುಮ್ನೆ ಹಾಕಿಕೊಳ್ಳುವುದಲ್ಲ ಅಂದರು. ಮನೆಯ ಹಿಂದೆ ಒಂದು ಸಣ್ಣ ಗುಡಿ, ಅಲ್ಲಿ ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ತಂಬಿಲ ಅನ್ನುವ ಪೂಜೆ. ಗುಡಿಯ ಫೋಟೋ ತೆಗೀಬಹುದಾ ಅಂತ ರೀಲು ಕೇಳಿದ. ಬೇಡ ಅಂದರು. ಅವನು ಸುಮ್ಮನಾದ. ಆಮೇಲೆ ತಡೆಯಲಾರದೆ, “ನೀವು ನಂಬ್ತೀರಲ್ಲ ಚಿಕ್ಕಮ್ಮ, ನಿಮಗೆ ಯಾವತ್ತೂ ಅನುಮಾನ ಬಂದಿಲ್ವಾ?” ಅಂದ.

“ಅನುಮಾನ ಬಂದ ದಿನವೂ ದೀಪ ಇಡ್ಬೇಕಲ್ಲ? ನಾನು ಇಡದಿದ್ರೆ ಯಾರು ಇಡುದು? ಇನ್ನೆರಡು ಕಡುಬು ಹಾಕ್ತೇನೆ, ತಟ್ಟೆ ಹಿಡಿ.”

ಮೇಷ್ಟ್ರು ನನ್ನ ಕಡೆ ನೋಡಿದರು. ಕಾರಂತರ ‘ಮೂಕಜ್ಜಿಯ ಕನಸುಗಳು’ ಅವರ ಚೀಲದಲ್ಲಿತ್ತು, ದಾರಿಯುದ್ದಕ್ಕೂ ಅದೇ ಓದು. 1977ರಲ್ಲಿ ಜ್ಞಾನಪೀಠ ತಂದ ಪುಸ್ತಕ. ಅದರ ಅಜ್ಜಿ ದೇವರ ಬಗ್ಗೆ ಯಾರ ಮುಲಾಜೂ ಇಲ್ಲದೆ ಮಾತಾಡುತ್ತಾಳೆ. ಆ ಅಜ್ಜಿ ಕಾರಂತರಿಗೆ ಎಲ್ಲಿ ಸಿಕ್ಕಿರಬಹುದು ಅಂತ ಈಗ ಗೊತ್ತಾಯಿತು ಎಂದು ಮೇಷ್ಟ್ರು ಬಸ್ಸಿನಲ್ಲಿ ಹೇಳಿದರು. ಅಕ್ಕ ಒಪ್ಪಲಿಲ್ಲ. ಚಿಕ್ಕಮ್ಮ ಅಷ್ಟು ಯೋಚನೆ ಮಾಡುವುದಿಲ್ಲ, ಅವರಿಗೆ ಪುರುಸೊತ್ತಿಲ್ಲ ಅಂದಳು.

ಮೂಲ್ಕಿಯಲ್ಲಿ ಇಳಿದು ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಹೋದೆವು. ಹೆದ್ದಾರಿಯ ಪಕ್ಕದಲ್ಲೇ ಇದೆ. ಬಪ್ಪ ಅನ್ನುವ ಬ್ಯಾರಿ ವ್ಯಾಪಾರಿಯ ಹಡಗು ಶಾಂಭವಿ ಹೊಳೆಯಲ್ಲಿ ನಿಂತುಹೋಯಿತು, ದೇವಿ ಕನಸಿನಲ್ಲಿ ಬಂದಳು, ಅವನೇ ಗುಡಿ ಕಟ್ಟಿಸಲು ಮುಂದಾದ ಅನ್ನುವುದು ಇಲ್ಲಿನ ಕಥೆ. ಜಾತ್ರೆಯಲ್ಲಿ ಅವನ ಮನೆತನದವರಿಗೆ ಇವತ್ತಿಗೂ ಪ್ರಸಾದದ ಮರ್ಯಾದೆ ಇದೆ. ಮುಸಲ್ಮಾನನ ಹೆಸರಿನ ಊರಿನಲ್ಲಿ ದುರ್ಗೆ. ಇಲ್ಲಿನ ಡೋಲು ಈ ಕಡೆಯೆಲ್ಲ ಪ್ರಸಿದ್ಧ.

ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸು. ನಿಮಿಷಕ್ಕೊಂದು ಬರುತ್ತದೆ, ಬುಕಿಂಗ್ ತಲೆನೋವಿಲ್ಲ. ಅಕ್ಕ ಶಂಕರಪುರ ಮಲ್ಲಿಗೆ ತಗೊಂಡಳು. ಇಲ್ಲಿ ಹೂ ಮೊಳದಲ್ಲಲ್ಲ, ಚೆಂಡು, ಅಟ್ಟೆ ಲೆಕ್ಕದಲ್ಲಿ. ಮದುವೆ, ದೈವದ ನೇಮ ಜಾಸ್ತಿ ಇದ್ದ ದಿನ ದರ ಮುಗಿಲಿಗೆ. ಅವತ್ತು ಶನಿವಾರ, ಮುಹೂರ್ತ ಇತ್ತೇನೋ, ದರ ಕೇಳಿ ಅಕ್ಕ ಒಂದು ಚೆಂಡಿಗೇ ಸಾಕು ಮಾಡಿದಳು. ಬಸ್ಸಿಡೀ ಪರಿಮಳ.

ರಥಬೀದಿಯ ಪಕ್ಕ ಕೋಣೆ ಹಿಡಿದು ಸಂಜೆ ಮಠಕ್ಕೆ. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಆಮೇಲೆ ಕೃಷ್ಣ. ಇದು ಇಲ್ಲಿನ ಕ್ರಮ. ಕೃಷ್ಣಮಠ 13ನೇ ಶತಮಾನದಲ್ಲಿ ಮಧ್ವಾಚಾರ್ಯರಿಂದ ಆದದ್ದು, ಅನಂತೇಶ್ವರ ಅದಕ್ಕಿಂತ ಹಳೆಯದು. ನಾವು ಗಂಡಸರು ಅಂಗಿ ಕಳಚಿ ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತೆವು. ಒಂಬತ್ತು ರಂಧ್ರದ ಬೆಳ್ಳಿಯ ಕಿಂಡಿಯಲ್ಲಿ ದರ್ಶನ. ಕೈಯಲ್ಲಿ ಕಡಗೋಲು ಹಿಡಿದ ಸಣ್ಣ ಕೃಷ್ಣ. ಎಷ್ಟೇ ಸಾಲು ನಿಂತರೂ ಕಿಂಡಿಯ ಮುಂದೆ ಸಿಗುವುದು ಅರೆಗಳಿಗೆ. ಬಗ್ಗಿ ಒಂದು ರಂಧ್ರದಲ್ಲಿ ಕಣ್ಣಿಡುವಷ್ಟರಲ್ಲಿ ಹಿಂದಿನವರ ಮೊಣಕೈ.

ಕನಕನ ಕಿಂಡಿ ಹೊರಗಡೆ, ರಥಬೀದಿಯಿಂದಲೇ ನೋಡಬಹುದು. ಅಲ್ಲಿ ಯಾರೂ ದೂಡಲಿಲ್ಲ. ಒಳಗೆ ಬಿಡದೆ ಹೋದ ಕನಕದಾಸರಿಗಾಗಿ ಗೋಡೆ ಒಡೆದು ದೇವರೇ ಪಶ್ಚಿಮಕ್ಕೆ ತಿರುಗಿದ ಅನ್ನುವ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಬಾಗಿಲು ತೆರೆ ಎಂದು ಕೇಳುವ ಕನಕರ ಪದವನ್ನು ಅಕ್ಕ ಮೆಲ್ಲಗೆ ಹಾಡಿದಳು. ನನಗೆ ಒಳಗಿನ ದರ್ಶನಕ್ಕಿಂತ ಇದು ಹೆಚ್ಚು ಹಿಡಿಸಿತು. ಬಾಗಿಲು ತೆರೆಯದವರು ಯಾರು ಅನ್ನುವುದನ್ನು ಈ ಕಥೆ ಜಾಣತನದಿಂದ ಬಿಟ್ಟುಬಿಡುತ್ತದೆ ಅಂತ ಮೇಷ್ಟ್ರು. ಅದೂ ಸರಿಯೇ.

ವಾಪಸ್ ಬಂದರೆ ಮೇಷ್ಟ್ರ ಚಪ್ಪಲಿ ಇಲ್ಲ. ಅದರ ಜಾಗದಲ್ಲಿ ಅವರ ಕಾಲಿಗಿಂತ ಎರಡು ಬೆರಳು ದೊಡ್ಡದೊಂದು ಜೋಡಿ ಕೂತಿತ್ತು. “ಶನಿ ಬಿಟ್ಟಿತು ಅಂದ್ಕೊಳ್ಳಿ ಮೇಷ್ಟ್ರೇ, ಅದೂ ಶನಿವಾರ” ಅಂದಳು ಅಕ್ಕ. ಅವರು ಅಂಗಡಿಗಳು ಮುಚ್ಚುವ ಮೊದಲು ರಬ್ಬರ್ ಚಪ್ಪಲಿ ತಗೊಂಡು ಮುಂದಿನ ದಿನವಿಡೀ ಅದರಲ್ಲೇ ಓಡಾಡಿದರು. ದುಡ್ಡು ಕೊಟ್ಟು ಚಪ್ಪಲಿ ಸ್ಟ್ಯಾಂಡಿನಲ್ಲಿ ಇಡುವುದೇ ಒಳ್ಳೆಯದು.

ರಾತ್ರಿ ಮಠದ ಊಟ. ನೆಲದ ಮೇಲೆ ಸಾಲಾಗಿ ಕೂತು ಅನ್ನ, ಸಾರು, ಮತ್ತೆ ಅನ್ನ. ಎರಡು ದಿನದಿಂದ ಮುದ್ದೆ ಕಾಣದ ಮೇಷ್ಟ್ರು ಇಲ್ಲಿ ‘ರಾಮಧಾನ್ಯ ಚರಿತೆ’ ತೆಗೆದರು. ಕನಕದಾಸರದೇ ಕಾವ್ಯ. ಅಕ್ಕಿಗೂ ರಾಗಿಗೂ ಯಾರು ಮೇಲು ಅಂತ ಜಗಳ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಹಾಗೇ ಇರುತ್ತದೆ, ಗೆಲ್ಲುತ್ತದೆ. “ಕನಕರ ಹೆಸರಿನ ಕಿಂಡಿ ಇಟ್ಟ ಊರಿನಲ್ಲಿ ಒಂದು ಮುದ್ದೆ ಬಡಿಸೋದು ಬೇಡ್ವಾ?” ಬಡಿಸುವವರು ಅರ್ಧ ಕೇಳಿಸಿಕೊಂಡು, ಇನ್ನೂ ಅನ್ನ ಬೇಕು ಅಂತ ತಿಳಿದು ಒಂದು ರಾಶಿ ಹಾಕಿದರು.

ರಾಜಾಂಗಣದಲ್ಲಿ ಸಂಗೀತ ನಡೆಯುತ್ತಿತ್ತು. ಯಾರು ಬೇಕಾದರೂ ಹೋಗಿ ಕೂರಬಹುದು. ಹಾಡುತ್ತಿದ್ದ ಹುಡುಗಿಗೆ ಹದಿನಾರು ಹದಿನೇಳು ಇರಬೇಕು. ಪಲ್ಲವಿಯಲ್ಲಿ ಒಂದು ಕಡೆ ತಾಳ ಜಾರಿತು, ನಕ್ಕು ಮತ್ತೆ ಹಿಡಿದಳು. ಅಕ್ಕ ಅಷ್ಟಕ್ಕೇ ಅವಳ ಅಭಿಮಾನಿಯಾದಳು.

ಭಾನುವಾರ: ಮಲ್ಪೆ

ಸೇಂಟ್ ಮೇರೀಸ್ ದ್ವೀಪದ ಬೋಟು ಜನ ತುಂಬಿದ ಮೇಲೆಯೇ ಹೊರಡುವುದು. ಬೇಗ ಹೋದದ್ದಕ್ಕೆ ಸಿಕ್ಕ ಲಾಭ ಏನೆಂದರೆ ಒಂದು ಗಂಟೆ ಕಾಯುವುದು. ರೀಲುಗೆ ಬೇಜಾರಿಲ್ಲ. 2014ರ ‘ಉಳಿದವರು ಕಂಡಂತೆ’ ಮಲ್ಪೆಯ ಕಥೆ, ಒಂದೇ ಘಟನೆಯನ್ನು ಬೇರೆ ಬೇರೆಯವರು ಹೇಳುವ ಸಿನಿಮಾ. ಅವನು ಬಂದರಿನ ಮೂಲೆ ಮೂಲೆ ನೋಡಿ, ಕ್ಯಾಮೆರಾ ಎಲ್ಲಿಟ್ಟಿರಬಹುದು ಅಂತ ಬೆರಳಿನ ಚೌಕಟ್ಟು ಮಾಡಿಕೊಂಡು ತಿರುಗಿದ. ಮೇಷ್ಟ್ರು ಮೂಗು ಮುಚ್ಚಿಕೊಂಡು ಹಿಂಬಾಲಿಸಿದರು.

ಬಲೆ ಹೊಲಿಯುತ್ತಿದ್ದ ಒಬ್ಬರ ಹತ್ತಿರ ಕೂತೆವು. ಜೂನ್, ಜುಲೈ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯುವ ಹಾಗಿಲ್ಲ. ನೂಲ ಹುಣ್ಣಿಮೆಗೆ ಸಮುದ್ರಪೂಜೆ, ಕಡಲಿಗೆ ಹಾಲು, ತೆಂಗಿನಕಾಯಿ. ಇಲ್ಲೇ ಹತ್ತಿರ ವಡಭಾಂಡೇಶ್ವರದಲ್ಲಿ ಬಲರಾಮ. ಕಡಲಿನ ದೈವ ಬೊಬ್ಬರ್ಯ ಬೇರೆ. ರೀಲು ಈ ಸಲ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದ. “ಗಾಳಿಗೆ ಸಿಕ್ಕಾಗ ಮೊದಲು ಯಾರನ್ನು ಕರೀತೀರಿ? ಬಲರಾಮನನ್ನಾ, ಬೊಬ್ಬರ್ಯನನ್ನಾ?”

“ಮೊದಲು ಎಂಜಿನ್ ನೋಡುದು” ಅಂದರು ಅವರು. “ಮತ್ತೆ ಬೊಬ್ಬರ್ಯ. ಮತ್ತೆ ವಯರ್‌ಲೆಸ್. ಪುರುಸೊತ್ತಿದ್ರೆ ಬಲರಾಮ.”

ರೀಲು ಇದನ್ನು ಫೋನಿನಲ್ಲಿ ಬರೆದುಕೊಂಡ. ಕ್ರಮ ತಪ್ಪಬಾರದಂತೆ.

ಸೇಂಟ್ ಮೇರೀಸ್ ದ್ವೀಪ, ಊರವರ ಬಾಯಲ್ಲಿ ತೋನ್ಸೆಪಾರ್. ಮಳೆಗಾಲದಲ್ಲಿ ಬೋಟಿಲ್ಲ. ದಡದಲ್ಲಿ ಮರಳಿಗಿಂತ ಚಿಪ್ಪು ಜಾಸ್ತಿ, ಬರಿಗಾಲಿಗೆ ಚುಚ್ಚುತ್ತದೆ. ಇಲ್ಲಿ ಮೇಷ್ಟ್ರ ರಬ್ಬರ್ ಚಪ್ಪಲಿಗೆ ಬೆಲೆ ಬಂತು. ಆರು ಮೂಲೆಯ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ, ಕೆಲವು ಓರೆಯಾಗಿ. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತವೂ ಮಡಗಾಸ್ಕರವೂ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ, ಆರುವಾಗ ಕುಗ್ಗಿ, ಬಿರುಕು ಬಿಟ್ಟು ಹೀಗೆ ಕಂಬವಾಯಿತು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಈ ಹೆಸರಿಟ್ಟ ಅನ್ನುತ್ತಾರೆ. ಅಕ್ಕ ಒಂದು ಕಂಬದ ಮೇಲೆ ಕೂತು, “ಇಷ್ಟು ಹಳೇ ಕಲ್ಲಿನ ಮುಂದೆ ನಮ್ಮ ಚರ್ಚೆ ಎಲ್ಲಿ ಬಂತು” ಅಂದಳು. ಹಾಗಂದು ಚರ್ಚೆಯನ್ನು ಅವಳೇ ಮುಂದುವರಿಸಿದಳು. ನನಗೆ ನೆನಪಿರುವುದು ಬಿಸಿಲು. ಹನ್ನೊಂದರ ಮೇಲೆ ಅಲ್ಲಿ ನೆರಳಿಗೆ ಜಗಳವಾಡಬೇಕು. ನೀರಿನ ಬಾಟಲಿ, ಟೋಪಿ ಇಲ್ಲದೆ ಹೋಗಬೇಡಿ.

ವಾಪಸ್ ಉಡುಪಿಗೆ ಬಂದು ಗಡ್‌ಬಡ್ ತಿಂದೆವು. ಈ ಐಸ್‌ಕ್ರೀಮ್ ಹುಟ್ಟಿದ್ದು ಇಲ್ಲಿನ ಡಯಾನಾ ಹೋಟೆಲಿನಲ್ಲಿ ಅನ್ನುವುದು ಉಡುಪಿಯವರ ಮಾತು. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಹಣ್ಣು, ಜೆಲ್ಲಿ, ಗೋಡಂಬಿ. ಉದ್ದ ಚಮಚ ತಳ ಮುಟ್ಟುವ ಹೊತ್ತಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಬಿಸಿಲಲ್ಲಿ ಬೆಂದು ಬಂದಿದ್ದರಿಂದ ಯಾರೂ ಮಾತಾಡಲಿಲ್ಲ, ರೀಲು ಕೂಡ.

ಸಂಜೆ ಅಕ್ಕ ಮಟ್ಟುಗುಳ್ಳ ತಗೊಂಡಳು, ಆಗಷ್ಟೇ ಮಾರುಕಟ್ಟೆಗೆ ಬರತೊಡಗಿತ್ತು. ಮಟ್ಟು ಗ್ರಾಮದ ದುಂಡು ಹಸಿರು ಬದನೆ, ಯತಿ ವಾದಿರಾಜರು ಬೀಜ ಕೊಟ್ಟದ್ದು ಅನ್ನುವ ನಂಬಿಕೆ ಇದಕ್ಕೂ ಇದೆ. ಮೇಲೆ ಮುಳ್ಳಿದ್ದದ್ದೇ ಅಸಲಿ ಅಂತ ಅಂಗಡಿಯವರು ತೊಟ್ಟು ಮುಟ್ಟಿಸಿ ತೋರಿಸಿದರು. ರಾತ್ರಿ ಬಸ್ಸಿನಲ್ಲಿ ಆ ಚೀಲ ಹರಿದು ಗುಳ್ಳ ಸೀಟುಗಳ ಕೆಳಗೆಲ್ಲ ಉರುಳಿದವು. ಆಗುಂಬೆ ತಿರುವುಗಳಲ್ಲಿ ಅವು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ. ಬೆಳಿಗ್ಗೆ ಕ್ಲೀನರ್ ಹುಡುಗ ಒಂದೊಂದಾಗಿ ಹೆಕ್ಕಿ ಕೊಟ್ಟು, ತನಗೆರಡು ಇಟ್ಟುಕೊಂಡ.

ಕೋಟಕ್ಕೆ ಹೋಗಿ ಕಾರಂತರ ಊರು ನೋಡಲಾಗಲಿಲ್ಲ ಅಂತ ಮೇಷ್ಟ್ರು ಇನ್ನೂ ಗೊಣಗುತ್ತಿದ್ದಾರೆ. ರೀಲು ಊರು ಮುಟ್ಟಿದ ವಾರವೇ ಚಿಕ್ಕಮ್ಮನಿಗೆ ಫೋನ್ ಮಾಡಿ, ಪತ್ತನಾಜೆಗೆ ಮೊದಲು ಹತ್ತಿರದಲ್ಲಿ ಯಾವಾಗ ಆಟ ಅಂತ ಕೇಳಿದನಂತೆ. ಅವರು ತಾರೀಕು ಹೇಳುವ ಮೊದಲು ಕೇಳಿದ್ದು, “ಊಟಕ್ಕೆ ಎಷ್ಟು ಜನ?”